ಬ್ರಿಟನ್ನಿನ ಟ್ರಯಲ್‌ಗಳಲ್ಲಿ ಯಾರಿಗೆ ಯಾವ ಔಷಧವೆಂದು ಹೇಗೆ ತೀರ್ಮಾನವಾಗುತ್ತದೆ?

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಬಳಿಗೆ ರಿಸರ್ಚ್ ನರ್ಸ್ ಬಂದು, ಟ್ರಯಲ್‌ಗೆ, ಅಂದರೆ ಚಿಕಿತ್ಸೆಗಳನ್ನು ಹೋಲಿಸಿ ನೋಡುವ ಪ್ರಯೋಗಕ್ಕೆ, ಸೇರುತ್ತೀರಾ ಎಂದು ಕೇಳುವುದುಂಟು. ಆಗ ನಮ್ಮ ಹಿರಿಯರು ಕನ್ಸಲ್ಟೆಂಟ್ (ತಜ್ಞ ವೈದ್ಯರ) ಕಡೆ ತಿರುಗಿ, "ಡಾಕ್ಟ್ರೇ, ಯಾವುದು ಒಳ್ಳೇದೋ ಅದನ್ನ ನೀವೇ ಕೊಟ್ಟುಬಿಡಿ" ಎನ್ನುತ್ತಾರೆ. ಟ್ರಯಲ್‌ನಲ್ಲಿ ಆ ವೈದ್ಯರಿಗಿಲ್ಲದ ಅಧಿಕಾರವೇ ಅದು. ಒಪ್ಪಿಗೆಪತ್ರಕ್ಕೆ ಸಹಿಯಾಗಿ, ರೋಗಿಯ ವಿವರಗಳನ್ನು ಕಂಪ್ಯೂಟರಿಗೆ ತುಂಬಿದ ಮೇಲಷ್ಟೇ, ಕಂಪ್ಯೂಟರ್ ಯಾದೃಚ್ಛಿಕವಾಗಿ ಆರಿಸಿದ ಚಿಕಿತ್ಸೆಯ ಗುಂಪು ಯಾವುದೆಂಬುದು ಗೊತ್ತಾಗುತ್ತದೆ. ವೈದ್ಯರೇ ಆರಿಸುವಂತಿದ್ದರೆ ಗಟ್ಟಿಮುಟ್ಟಾದವರಿಗೆ ಹೊಸ ಔಷಧ, ಬಳಲಿದವರಿಗೆ ಹಳೆಯದು ಎಂದಾಗಿಬಿಡಬಹುದು. ಆಮೇಲೆ ಗುಣವಾದದ್ದು ಔಷಧದಿಂದಲೋ ದೇಹಬಲದಿಂದಲೋ ಎಂದು ಹೇಳಲಾಗದು.

ನೋಡಲು ಚೀಟಿ ಎತ್ತಿದಂತಿದ್ದರೂ ಎಲ್ಲ ಗುಂಪಿಗೂ ಸಮಸಂಖ್ಯೆಯ ಚೀಟಿ ಇರಬೇಕೆಂದಿಲ್ಲ. 2005ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ಗಾಗಿ ಆರಂಭವಾದ ಸ್ಟ್ಯಾಂಪೀಡ್ ಟ್ರಯಲ್‌ನಲ್ಲಿ ಐದು ಹೊಸ ಗುಂಪುಗಳಿಗೆ ತಲಾ ಒಬ್ಬರಂತೆ ಸೇರಿದರೆ ರೂಢಿಯ ಚಿಕಿತ್ಸೆಯ ಗುಂಪಿಗೆ ಇಬ್ಬರು ಸೇರುವ ಲೆಕ್ಕವಿತ್ತು, ಏಕೆಂದರೆ ಆ ಐದನ್ನೂ ಹೋಲಿಸಬೇಕಾದದ್ದು ಆ ಒಂದರ ಜೊತೆಗೇ. ನಡುನಡುವೆ ಸ್ವತಂತ್ರ ಸಮಿತಿಯೊಂದು ಅಂಕಿ-ಅಂಶ ಪರಿಶೀಲಿಸುತ್ತದೆ. 2011ರಲ್ಲಿ ಪ್ರಯೋಜನ ಕಾಣದ್ದರಿಂದ ಸೆಲೆಕಾಕ್ಸಿಬ್ ಎಂಬ ಔಷಧ ಕೊಡುತ್ತಿದ್ದ ಎರಡು ಗುಂಪುಗಳಿಗೆ ಹೊಸಬರ ಸೇರ್ಪಡೆ ನಿಂತಿತು, ಅದೇ ವರ್ಷ ಅಬಿರಾಟೆರೋನ್ ಎಂಬ ಇನ್ನೊಂದು ಔಷಧದ ಗುಂಪು ಸೇರಿತು. ಈ ಔಷಧ ಆಯುಷ್ಯ ಹೆಚ್ಚಿಸುತ್ತದೆಂದು 2017ರಲ್ಲಿ ಪ್ರಕಟವಾಯಿತು. ತೀವ್ರ ನಿಗಾ ಘಟಕಗಳಲ್ಲಿ ನಡೆಯುವ ರೀಮ್ಯಾಪ್-ಕ್ಯಾಪ್ ಟ್ರಯಲ್ ಇನ್ನೂ ಒಂದು ಹೆಜ್ಜೆ ಮುಂದಿದೆ: ಬಂದ ಫಲಿತಾಂಶದಂತೆ ಹಂಚಿಕೆಯ ಪ್ರಮಾಣವೇ ಬದಲಾಗಿ, ಮೇಲೆಂದು ತೋರುವ ಚಿಕಿತ್ಸೆ ಮುಂದೆ ಬರುವವರಿಗೆ ಹೆಚ್ಚು ಸಿಗತೊಡಗುತ್ತದೆ. ಆದ್ದರಿಂದ ಕಳೆದ ವರ್ಷ ಸೇರಿದ ಗೆಳೆಯರ ಅನುಭವ ನಿಮಗೆ ಅನ್ವಯಿಸದೇ ಹೋಗಬಹುದು.

ರೂಢಿಯ ಚಿಕಿತ್ಸೆಯ ಗುಂಪಿಗೆ ಬಿದ್ದರೆ "ನಮಗೇನೂ ಸಿಗಲಿಲ್ಲ" ಎಂಬ ಕೊರಗು ನಮ್ಮವರಲ್ಲಿ ಹೆಚ್ಚು. ಟ್ರಯಲ್‌ನ ಹೊರಗಿದ್ದರೂ ಸಿಗುತ್ತಿದ್ದ ಆರೈಕೆಯೇ ಅದು. ಕೋವಿಡ್ ರೋಗಿಗಳ ಮೇಲೆ ನಡೆದ 2020ರ ರಿಕವರಿ ಟ್ರಯಲ್‌ನಲ್ಲಿ, ಆ ದಿನಗಳಲ್ಲಿ ಎಲ್ಲರೂ ಹುಡುಕಿ ತಂದಿಟ್ಟುಕೊಂಡಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಉಪಯೋಗಕ್ಕೆ ಬರಲಿಲ್ಲ. ಅಗ್ಗದ ಡೆಕ್ಸಾಮೆಥಾಸೋನ್ ಪಡೆದ ವೆಂಟಿಲೇಟರ್ ರೋಗಿಗಳಲ್ಲಿ 28 ದಿನಗಳೊಳಗೆ ತೀರಿಕೊಂಡವರು ಶೇ. 29.3, ಪಡೆಯದವರಲ್ಲಿ ಶೇ. 41.4. ಯಾವ ಗುಂಪು ಲಾಭದ್ದೆಂದು ಮೊದಲೇ ಹೇಳಬಲ್ಲವರು ಯಾರೂ ಇರಲಿಲ್ಲ.

ಸಹಿ ಹಾಕುವ ಮುನ್ನ ಮಾಹಿತಿ ಪತ್ರವನ್ನು ಮನೆಗೆ ಒಯ್ದು ಓದಲು ಸಮಯ ಕೇಳಿ. ಇಂಗ್ಲಿಷ್ ಕಷ್ಟವಾದ ತಂದೆತಾಯಿಗಳಿಗೆ ಮಕ್ಕಳೇ ಅನುವಾದಿಸುವ ಬದಲು ಕನ್ನಡ ದುಭಾಷಿ ಸಿಗುವರೇ ಎಂದು ಮುಂಚಿತವಾಗಿ ವಿಚಾರಿಸುವುದು ಮೇಲು. ಕಾರಣ ಹೇಳದೆಯೇ ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ಮುಂದಿನ ಆರೈಕೆಗೆ ಕುಂದಿಲ್ಲ. ಆದರೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸದೆ ಮೊದಲು ರಿಸರ್ಚ್ ನರ್ಸ್‌ಗೆ ಫೋನ್ ಮಾಡಿ.