ಡಗ್ಗಾ ಕೇಳಿಸ್ತಿಲ್ವಾ? ಮೊದಲು ರಬ್ಬರ್ ಬದಲಿಸಿ

ನಾನು ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಿಗೆ ದಿನಾ ಓಡಾಡುವವನು. ಫಾಸ್ಟ್ ಲೋಕಲ್‌ನಲ್ಲಿ ನಿಲ್ಲೋಕೆ ಜಾಗ ಸಿಕ್ಕರೆ ಸಾಕು, ಭೀಮಸೇನ ಜೋಶಿಯವರನ್ನು ಹಚ್ಚುತ್ತೇನೆ. ಕಿವಿಯೊಳಗೆ ಕೂರುವ ರಬ್ಬರ್ ಟಿಪ್ಪಿನ ಹೊಸ ಇಯರ್‌ಫೋನ್ ತಂದ ವಾರ ತಬಲಾ ಬರೀ ಟಕ್ ಟಕ್ ಅಂತಿತ್ತು, ಅದರ ಜೋಡಿಯ ದಪ್ಪ ದನಿಯ ಡಗ್ಗಾ ನಾಪತ್ತೆ. ಕಂಪನಿಗೆ ಮನಸಾರೆ ಬೈದೆ. ಒಂದಿನ ಘಾಟ್ಕೋಪರ್‌ನಲ್ಲಿ ಮಂದಿ ನುಗ್ಗಿದಾಗ ಯಾರದೋ ಬ್ಯಾಗು ಎಡಗಿವಿಗೆ ಒತ್ತಿತು. ಡಗ್ಗಾ ಘುಂ ಅಂತು!

ನೀವೂ ಹಾಗೇ ನೋಡಿ. ತಬಲಾ ಇರುವ ಹಾಡು ಹಚ್ಚಿ, ಎರಡೂ ಕಡೆ ಬೆರಳಿನಿಂದ ಮೆಲ್ಲಗೆ ಒತ್ತಿ. ಬೇಸ್ ಜಾಸ್ತಿ ಆಯ್ತಾ? ಹಾಗಿದ್ರೆ ಗಾಳಿ ಸೋರುತ್ತಿದೆ. ಕಿವಿಯೊಳಗಿನ ಗಾಳಿ ಮುಚ್ಚಿಕೊಂಡಿದ್ದರೆ ಮಾತ್ರ ಪುಟ್ಟ ಸ್ಪೀಕರ್‌ಗೆ ಕೆಳಗಿನ ಸ್ವರ ನೂಕಲು ಆಗುತ್ತದೆ. ಕೂದಲೆಳೆಯಷ್ಟು ಸಂದಿ ಇದ್ದರೂ ಮೊದಲು ಹೋಗುವುದು ಡಗ್ಗಾ. ಮೇಲಿನ ಸ್ವರಕ್ಕೆ ಅಷ್ಟು ಪೆಟ್ಟು ಬೀಳುವುದಿಲ್ಲ. ಅದಕ್ಕೇ ವಾಲ್ಯೂಮ್ ಏರಿಸಿದರೆ ತಬಲಾ ಇನ್ನೂ ಚುಚ್ಚುತ್ತದೆ, ಅಷ್ಟೇ.

ಡಬ್ಬಿಯಲ್ಲಿ ಸಾಮಾನ್ಯವಾಗಿ ಸಣ್ಣ, ಮಧ್ಯಮ, ದೊಡ್ಡ ಅಂತ ಮೂರು ಜೊತೆ ರಬ್ಬರ್ ಟಿಪ್ ಕೊಟ್ಟಿರುತ್ತಾರೆ. ಎರಡು ಕಿವಿ ಒಂದೇ ಅಳತೆ ಅಂತ ನಂಬಬೇಡಿ. ನನ್ನ ಎಡಕ್ಕೆ ದೊಡ್ಡದು, ಬಲಕ್ಕೆ ಮಧ್ಯಮ. ಹಾಗಂತ ದೊಡ್ಡದನ್ನೇ ತುರುಕಬೇಡಿ, ರಬ್ಬರ್ ಮಡಚಿಕೊಂಡರೆ ಅಲ್ಲೂ ಸೋರುತ್ತದೆ. ಹಾಕುವಾಗ ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಕಿವಿಯೊಳಗಿನ ಕೊಳವೆ ನೇರವಾಗುತ್ತದೆ. ಒಳಗೆ ಕೂರಿಸಿ ಕಿವಿ ಬಿಡಿ. ಆಮೇಲೆ ಬಾಯಿ ತೆರೆದು ಆಕಳಿಸಿ. ಸದ್ದು ಬದಲಾದರೆ ಇನ್ನೂ ಸರಿ ಕೂತಿಲ್ಲ. ಇದನ್ನೆಲ್ಲ ಮನೆಯಲ್ಲೇ ಮುಗಿಸಿ, ಲೋಕಲ್‌ನಲ್ಲಿ ಎರಡೂ ಕೈ ಎಲ್ಲಿ ಖಾಲಿ ಇರುತ್ತವೆ?

ರಬ್ಬರ್ ಬದಲು ಸ್ಪಂಜಿನಂಥ ಫೋಮ್ ಟಿಪ್ ಆದರೆ ಅದನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ ಹಾಕಬೇಕು, ಉಬ್ಬುವ ತನಕ 20–30 ಸೆಕೆಂಡ್ ಹಿಡಿದಿರಬೇಕು. ಗಾಡಿ ಸದ್ದು ಚೆನ್ನಾಗಿ ತಡೆಯುತ್ತದೆ. ಆದರೆ ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಸ್ವಲ್ಪ ಮಂಕಾಗುತ್ತದೆ, ನನಗೆ ಅದು ಸೇರಲ್ಲ. ಮುಂಬೈ ಬೆವರಿಗೆ ಬೇಗ ಕೊಳೆಯುತ್ತದೆ ಕೂಡ. ಸಿಲಿಕೋನ್ ಆದರೆ ಕಳಚಿ ಸೋಪಿನ ನೀರಲ್ಲಿ ತೊಳೆದು ಒಣಗಿಸಿದರೆ ಮುಗೀತು. ಒಂದೇ ಕಡೆ ಸದ್ದು ಕಮ್ಮಿಯಾದರೆ ಜಾಲರಿ ನೋಡಿ, ಗುಗ್ಗೆ ಕಟ್ಟಿರಬಹುದು.

ಟಿಪ್ಪಿನ ತೂತೂ ಲೆಕ್ಕಕ್ಕೆ ಬರುತ್ತದೆ. ಅಗಲ ಬಾಯಿಯದಾದರೆ ಸಾಮಾನ್ಯವಾಗಿ ಸದ್ದು ಬಿಚ್ಚಿಕೊಳ್ಳುತ್ತದೆ. ‘ಸ’ಕಾರ ಕಿವಿ ಕೊರೆಯುತ್ತಿದ್ದರೆ ಇನ್ನೊಂಚೂರು ಒಳಗೆ ಕೂರಿಸಿ ನೋಡಿ.

ಬೇರೆ ಟಿಪ್ ಬೇಕಾದರೆ ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಇಯರ್‌ಫೋನ್ ಹಿಡಿದುಕೊಂಡೇ ಹೋಗಿ. ಇಯರ್‌ಫೋನಿನ ಮೂತಿಯ ದಪ್ಪಕ್ಕೆ ಟಿಪ್ ಹೊಂದಬೇಕು. ನಾನು ಸುಮ್ನೆ ಕಣ್ಣಳತೆಯಲ್ಲಿ ತಂದೆ. ಎಳೆದರೆ ಇಯರ್‌ಫೋನ್ ಕೈಗೆ ಬಂತು, ರಬ್ಬರ್ ಕಿವಿಯಲ್ಲೇ ಉಳಿಯಿತು. ಕಡ್ಡಿ ಹಾಕಲಿಲ್ಲ ಪುಣ್ಯಕ್ಕೆ, ಸೀದಾ ಡಾಕ್ಟರ ಹತ್ತಿರ ಹೋದೆ. ಚಿಮುಟದಲ್ಲಿ ಹಿಡಿದು ತೋರಿಸಿ ಅವರು ನಕ್ಕಿದ್ದು ಮಾತ್ರ ಚೆನ್ನಾಗಿ ಕೇಳಿಸಿತು.

ಇನ್ನೊಂದು. ಸರಿಯಾಗಿ ಕೂತರೆ ಗಾಡಿ ಬಂದದ್ದೇ ಗೊತ್ತಾಗುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಾನು ಎರಡನ್ನೂ ತೆಗೆದು ಕಾಲರಿಗೆ ನೇತುಹಾಕುತ್ತೇನೆ. ನಾನು ಗಾಡಿ ಹತ್ತುವವರೆಗೆ ಭೀಮಸೇನರು ಕಾಯುತ್ತಾರೆ.