ಮರಳಿ ಬಂದ ಗಡ್ಡೆಗೆ ದಾವಣಗೆರೆಯಲ್ಲೇ ಕೀಮೋ

ಜಗಳೂರು ಕಡೆಯ ಪಿಯುಸಿ ಹುಡುಗ. ಮುಂಗೈಯಲ್ಲಿ ರ‍್ಯಾಬ್ಡೊಮಯೊಸಾರ್ಕೋಮಾ, ಅಂದರೆ ಸ್ನಾಯು ಆಗಬೇಕಿದ್ದ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಬೆಂಗಳೂರಿನಲ್ಲಿ ಕೀಮೋ, ಆಪರೇಷನ್, ರೇಡಿಯೇಷನ್ ಎಲ್ಲ ಆಗಿತ್ತು. ಆಮೇಲೆ ಅದೇ ಜಾಗದಲ್ಲಿ ಮತ್ತೆ ಗಂಟು.

ಇಂಥ ಗಂಟನ್ನು ಮುಟ್ಟಿ ನೋಡಿ ತೀರ್ಮಾನಿಸೋಕಾಗಲ್ಲ. ಮತ್ತೆ ಬಯಾಪ್ಸಿ ಆಯಿತು, ಅದೇ ಕ್ಯಾನ್ಸರ್. ಶ್ವಾಸಕೋಶದ ಸ್ಕ್ಯಾನ್ ಸ್ವಚ್ಛವಾಗಿತ್ತು, ಅಲ್ಲಿಗೆ ಹರಡಿರಲಿಲ್ಲ. ಮೊದಲು ಗಡ್ಡೆ ಕುಗ್ಗಿಸಿ, ಆಮೇಲೆ ತೆಗೆಯೋದು ಅಂತ ಬೆಂಗಳೂರಿನ ಸರ್ಜನ್ ಜೊತೆ ಮಾತಾಯಿತು. ಔಷಧಿ ಮೂರು: ವಿನ್‌ಕ್ರಿಸ್ಟಿನ್, ಇರಿನೋಟೆಕಾನ್, ಟೆಮೊಜೊಲೊಮೈಡ್. ಮೊದಲೆರಡರ ಜೊತೆ ಮೂರನೆಯದನ್ನೂ ಕೊಟ್ಟರೆ ರೋಗಿಗಳು ಜಾಸ್ತಿ ಕಾಲ ಬದುಕುತ್ತಾರೆ ಅಂತ ಯುರೋಪಿನಲ್ಲಿ 120 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತ್ತು. ಪೂರ್ತಿ ವಾಸಿಯಾಗುತ್ತೆ ಅಂತ ಅದು ಹೇಳಲಿಲ್ಲ. ನಾನೂ ತಾಯಿಗೆ ಹಾಗೆ ಹೇಳಲಿಲ್ಲ.

21 ದಿನಕ್ಕೊಂದು ಸುತ್ತು. ಇರಿನೋಟೆಕಾನ್ ಸತತ 5 ದಿನ, ದಿನಕ್ಕೆ ಒಂದೊಂದು ಗಂಟೆ ಡ್ರಿಪ್. ಇಷ್ಟಕ್ಕೆ ಬೆಂಗಳೂರಿನಲ್ಲಿ ರೂಮು ಹಿಡಿದು ಕೂರೋದು ಯಾಕೆ? ದಾವಣಗೆರೆಯಲ್ಲೇ ಕೊಟ್ಟೆ.

ನಿಜವಾದ ಕೆಲಸ ಇದ್ದದ್ದು ಇರಿನೋಟೆಕಾನ್ ತರುವ ಭೇದಿಯದು. ಡ್ರಿಪ್ ಹೋಗುವಾಗಲೇ ಅವನಿಗೆ ಬೆವರು, ಬಾಯಲ್ಲಿ ನೀರು, ಹೊಟ್ಟೆ ಹಿಂಡಿದ ಹಾಗೆ ಆಯಿತು. ಇದಕ್ಕೆ ಅಟ್ರೊಪಿನ್, ಬೇಗ ತಗ್ಗುತ್ತೆ. ಕಾಡೋದು ಕೆಲವು ದಿನ ಕಳೆದು ಮನೆಯಲ್ಲಿ ಶುರುವಾಗುವ ಭೇದಿ. ಕರುಳಿನ ಬ್ಯಾಕ್ಟೀರಿಯಾಗಳು ಔಷಧಿಯನ್ನು ಮತ್ತೆ ಚುರುಕು ಮಾಡುತ್ತವೆ, ಅದಕ್ಕೇ ಅವನ್ನು ತಗ್ಗಿಸುವ ಆಂಟಿಬಯಾಟಿಕ್ ಸೆಫಿಕ್ಸಿಮ್ ಮುಂಚೆಯೇ ಶುರು ಮಾಡಿದ್ದೆ. ಭೇದಿ ತಡೆಯುವ ಲೊಪೆರಮೈಡ್ ಮಾತ್ರೆ, ಓಆರ್‌ಎಸ್ ಕಟ್ಟಿಕೊಟ್ಟೆ. ತಾಯಿಗೆ ಓದು ಬರದು. ಹುಡುಗ ಬಯಲಿಗೆ ಹೋದಾಗಲೆಲ್ಲ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಒಂದು ಗೀಟು ಎಳೆಯುತ್ತಿದ್ದರು. ಎಷ್ಟೋ ಕೇಸ್ ಶೀಟಿಗಿಂತ ಅದು ಸ್ಪಷ್ಟ!

ಜ್ವರದ ವಿಷಯದಲ್ಲಿ ಮಾತ್ರ ಗದರಿದ್ದೆ. 100.4 ಡಿಗ್ರಿ ದಾಟಿದರೆ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಿನ ತನಕ ಕಾಯಬಾರದು, ರಾತ್ರಿಯೇ ಬರಬೇಕು. ಕೀಮೋದಿಂದ ಬಿಳಿ ರಕ್ತಕಣ ಇಳಿದಿರುವಾಗ ಸೋಂಕು ಗಂಟೆಗಳಲ್ಲೇ ಏರುತ್ತೆ.

"ಸಾರ್, ಮಂಡಕ್ಕಿ ಮಿರ್ಚಿ?" ಅಂತ ಕೇಳಿದ. ಗಾಡಿಯದು ಬೇಡ ತಮ್ಮಾ, ಮನೇಲಿ ಅವ್ವ ಬಿಸಿಬಿಸಿ ಮಾಡಿಕೊಟ್ಟರೆ ತಿನ್ನು ಅಂದೆ.

ಗಡ್ಡೆ ಕುಗ್ಗಿತು, ಬೆಂಗಳೂರಿನಲ್ಲಿ ತೆಗೆದರು. ಕ್ಯಾನ್ಸರ್ ಮತ್ತೆ ಬಾರದಿರಲಿ ಅಂತ ಈಗ ಸೈಕ್ಲೊಫಾಸ್ಫಮೈಡ್ ಮಾತ್ರೆ ದಿನಾ, ವಿನೊರೆಲ್ಬಿನ್ ಇಂಜೆಕ್ಷನ್ ವಾರಕ್ಕೊಂದರಂತೆ ಮೂರು ವಾರ ಹಾಕಿ ಒಂದು ವಾರ ಬಿಡುವು. ಇಂಜೆಕ್ಷನ್ ದಿನ ಮೊದಲು ರಕ್ತ ಪರೀಕ್ಷೆ, ಆಮೇಲೆ ಸೂಜಿ. ಮುಗಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತಾನೆ.