ಬ್ರಿಟನ್ನಿನ ಯುದ್ಧಕಾಲದ ರೇಷನ್‌ನಲ್ಲಿ ಒಂದು ವಾರದ ಅಡುಗೆ

ಎರಡನೇ ಮಹಾಯುದ್ಧ ಶುರುವಾದ ನಾಲ್ಕೇ ತಿಂಗಳಿಗೆ, 1940ರ ಜನವರಿ 8ರಂದು, ಬ್ರಿಟನ್ನಿನಲ್ಲಿ ಬೆಣ್ಣೆ, ಸಕ್ಕರೆ ಮತ್ತು ಬೇಕನ್ (ಉಪ್ಪು ಹಾಕಿ ಕೆಡದಂತೆ ಇಟ್ಟ ಹಂದಿಮಾಂಸ) ರೇಷನ್‌ಗೆ ಬಂದವು. ಎಲ್ಲಕ್ಕಿಂತ ಕೊನೆಗೆ ಮಾಂಸದ ರೇಷನ್ ರದ್ದಾಗಿದ್ದು 1954ರ ಜುಲೈನಲ್ಲಿ. ಶಾಲೆಯ ಇತಿಹಾಸ ಸಂಘದವರೋ ಮನೆಮಂದಿಯೋ ಆ ಅಡುಗೆಯನ್ನು ಒಂದು ವಾರ ನಡೆಸಿ ನೋಡಬಹುದು. ಅದಕ್ಕೆ ಗ್ರಾಂ ಲೆಕ್ಕ ತೋರಿಸುವ ತಕ್ಕಡಿ, ಮುಚ್ಚಳವಿರುವ ಡಬ್ಬಿಗಳು ಮತ್ತು ಸುಳ್ಳು ಬರೆಯದ ಒಂದು ನೋಟ್‌ಬುಕ್ ಬೇಕು.

ಮೊದಲು ತೂಕ. ಪ್ರಮಾಣ ಆಗಾಗ ಏರಿಳಿಯುತ್ತಿತ್ತು. ದೊಡ್ಡವರೊಬ್ಬರಿಗೆ ವಾರಕ್ಕೆ ಸಾಮಾನ್ಯವಾಗಿ ಸಿಗುತ್ತಿದ್ದ ಲೆಕ್ಕ ಹೀಗಿದೆ: ಬೆಣ್ಣೆ 57 ಗ್ರಾಂ, ಬೆಣ್ಣೆಗೆ ಬದಲಿಯಾದ ಮಾರ್ಗರಿನ್ 113, ಅಡುಗೆಯ ಕೊಬ್ಬು 113, ಸಕ್ಕರೆ 227, ಟೀ ಪುಡಿ 57, ಚೀಸ್ 57, ಬೇಕನ್ 113 ಗ್ರಾಂ, ಹಾಲು 1.7 ಲೀಟರ್, ಮೊಟ್ಟೆ ಒಂದು. ಮಾಂಸವನ್ನು ಮಾತ್ರ ತೂಕಕ್ಕಲ್ಲ, ಬೆಲೆಗೆ ಕೊಡುತ್ತಿದ್ದರು: ಒಬ್ಬರಿಗೆ 1 ಶಿಲ್ಲಿಂಗ್ 2 ಪೆನ್ಸ್. ಅಗ್ಗದ ಭಾಗ ಕೊಂಡರೆ ಸುಮಾರು ಅರ್ಧ ಕೆಜಿ ಬರುತ್ತಿತ್ತು, ಒಳ್ಳೆಯ ಭಾಗ ಕೇಳಿದರೆ ಅದಕ್ಕಿಂತ ಕಡಿಮೆ. ಆಲೂಗಡ್ಡೆ, ತರಕಾರಿ, ಬ್ರೆಡ್‌ಗೆ ಯುದ್ಧ ಮುಗಿಯುವವರೆಗೂ ಮಿತಿ ಇರಲಿಲ್ಲ. ಬ್ರೆಡ್ ರೇಷನ್‌ಗೆ ಬಂದಿದ್ದು ಯುದ್ಧ ಮುಗಿದ ಮೇಲೆ, 1946ರಲ್ಲಿ.

ಆಹಾರ ಸಚಿವ ಲಾರ್ಡ್ ವುಲ್ಟನ್ 1940ರ ಏಪ್ರಿಲ್‌ನಲ್ಲಿ ಅಧಿಕಾರಕ್ಕೆ ಬರುವ ಮೊದಲು ದೊಡ್ಡ ಅಂಗಡಿಗಳ ಆಡಳಿತ ನಡೆಸಿದವರು. ಗಿರಾಕಿಯ ಸಿಟ್ಟು ಎಲ್ಲಿಂದ ಹುಟ್ಟುತ್ತದೆ ಎಂದು ಬಲ್ಲವರು. ಅವರ ನಿಯಮ ಹೀಗಿತ್ತು: ಎಲ್ಲರಿಗೂ ಖಾತ್ರಿಯಾಗಿ ಕೊಡಬಲ್ಲಷ್ಟು ದಾಸ್ತಾನು ಇದ್ದರೆ ಮಾತ್ರ ಒಂದು ಪದಾರ್ಥವನ್ನು ರೇಷನ್‌ಗೆ ಸೇರಿಸಬೇಕು. ಚೀಟಿ ಹಿಡಿದು ಬಂದವರು ಬರಿಗೈಯಲ್ಲಿ ಹೋದರೆ ನಂಬಿಕೆಯೇ ಹೋಗುತ್ತದೆ. ನಿಮ್ಮ ಪ್ರಯೋಗಕ್ಕೂ ಇದೇ ನಿಯಮ. ಉಗ್ರಾಣದ ಹೊಣೆ ಒಬ್ಬರಿಗೇ ಕೊಡಿ. ಭಾನುವಾರ ಇಡೀ ವಾರದ್ದನ್ನು ಎಲ್ಲರ ಎದುರೇ ತೂಗಿ ಡಬ್ಬಿಗೆ ಹಾಕಲಿ. ಆಗಾಗ ಮೂಲ ಪೊಟ್ಟಣದಿಂದ ತೆಗೆದುಕೊಂಡರೆ ಬುಧವಾರಕ್ಕೆ ಲೆಕ್ಕ ಕೈತಪ್ಪುತ್ತದೆ.

ನಮ್ಮವರ ಕೈ ಎಡವುವುದು ಎಣ್ಣೆ ಮತ್ತು ಹಾಲಿನಲ್ಲಿ. 113 ಗ್ರಾಂ ಕೊಬ್ಬನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ 16 ಗ್ರಾಂ. ಒಂದು ಒಗ್ಗರಣೆಗೆ ಸೌಟು ಬಾಗಿಸಿದರೆ ಅಷ್ಟೂ ಖರ್ಚು. ಹಾಲು ದಿನಕ್ಕೆ 240 ಮಿಲಿ. ನಮ್ಮ ರೀತಿ ಹಾಲು ಹಾಕಿ ಕುದಿಸಿದರೆ ಎರಡು ಲೋಟ ಟೀಗೇ ಮುಗಿದು, ಹೆಪ್ಪು ಹಾಕಲು ತೊಟ್ಟೂ ಉಳಿಯದು. ಪುಡಿಗೆ ಬಿಸಿನೀರು ಹೊಯ್ದು, ಐದು ನಿಮಿಷ ಮುಚ್ಚಿಟ್ಟು, ಸೋಸಿ, ಎರಡು ಚಮಚ ಹಾಲು ಸೇರಿಸಿ. ಲೋಟಕ್ಕೆ 2 ಗ್ರಾಂ ಪುಡಿಯಂತೆ ದಿನಕ್ಕೆ ನಾಲ್ಕು ಲೋಟ ಸಿಗುತ್ತದೆ. ಒಂದೊಂದಕ್ಕೂ ಎರಡು ಚಮಚ ಸಕ್ಕರೆ ಹಾಕಿದರೆ ವಾರದ ಸಕ್ಕರೆಯೆಲ್ಲ ಅಲ್ಲಿಗೇ ಸರಿ.

ಪ್ರಯೋಗ ನಡೆಸುವವರು ಮಕ್ಕಳಿಗೆ ಇದನ್ನೂ ಹೇಳಲೇಬೇಕು: ಬ್ರಿಟನ್ನಿನಲ್ಲಿ ಸಮಪಾಲಿನ ತಕ್ಕಡಿ ತೂಗುತ್ತಿದ್ದ 1943ರಲ್ಲೇ, ಅದೇ ಸಾಮ್ರಾಜ್ಯದ ಬಂಗಾಳದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಆ ಟೀ ಪುಡಿಯಲ್ಲಿ ಬಹುಪಾಲು ಹೋಗುತ್ತಿದ್ದುದು ಭಾರತ ಮತ್ತು ಸಿಲೋನಿನಿಂದ.

ಸಸ್ಯಾಹಾರಿಗಳು ಮಾಂಸ, ಬೇಕನ್ ಬಿಟ್ಟುಕೊಟ್ಟು ಹೆಚ್ಚುವರಿ ಚೀಸ್ ಪಡೆಯಬಹುದಿತ್ತು. ಅವರಿಗೆ ನಿಜವಾದ ಆಸರೆ ಪಾಯಿಂಟ್ಸ್ ಪದ್ಧತಿ. 1941ರ ಡಿಸೆಂಬರ್‌ನಲ್ಲಿ ಶುರುವಾದಾಗ ನಾಲ್ಕು ವಾರಕ್ಕೆ 16 ಪಾಯಿಂಟ್ ಕೊಟ್ಟು, ಡಬ್ಬದ ಆಹಾರದಂಥವನ್ನು ಆರಿಸಿಕೊಳ್ಳಲು ಬಿಟ್ಟರು. 1942ರ ಜನವರಿಯಲ್ಲಿ ಅಕ್ಕಿ, ಕಾಳುಗಳೂ ಅದರೊಳಗೆ ಬಂದವು. 16 ಪಾಯಿಂಟ್‌ಗೆ ಒಂದು ಡಬ್ಬ ಮಾಂಸ, ಇಲ್ಲವೇ 3.6 ಕೆಜಿ ಒಣ ಬಟಾಣಿ ಬೇಳೆ. ಬೇಳೆಯನ್ನೇ ಆರಿಸಿ, ವಾರಕ್ಕೆ 900 ಗ್ರಾಂ ಬೀಳುತ್ತದೆ.

ಬ್ರೆಡ್‌ಗೆ ಬಿಳಿ ಮೈದಾ ಸಲ್ಲದು. 1942ರಿಂದ ಗೋಧಿಯ ನೂರರಲ್ಲಿ 85 ಭಾಗ ಹಿಟ್ಟಾಗಿ ಉಳಿಸಿಕೊಂಡ ಕಂದು ಬ್ರೆಡ್ ಮಾತ್ರ. ಗಿರಣಿಯಲ್ಲಿ ಬೀಸಿಸಿದ 1 ಕೆಜಿ ಹಿಟ್ಟನ್ನು ಜರಡಿ ಹಿಡಿದು 150 ಗ್ರಾಂ ತೌಡು ತೆಗೆದರೆ ಸರಿಸುಮಾರು ಅದೇ ಹಿಟ್ಟು. ಈ ಹಿಟ್ಟು ನೀರು ಹೆಚ್ಚು ಕುಡಿಯುತ್ತದೆ. ಮೈದಾ ಅಳತೆಯಲ್ಲಿ ನೀರು ಹಾಕಿದರೆ ಬ್ರೆಡ್ ಇಟ್ಟಿಗೆಯಾಗುತ್ತದೆ.

ಇನ್ನು ವುಲ್ಟನ್ ಪೈ. ಲಂಡನ್ನಿನ ಸವಾಯ್ ಹೋಟೆಲಿನ ಅಡುಗೆಮನೆಯಲ್ಲಿ ಹುಟ್ಟಿ ಸಚಿವರ ಹೆಸರು ಹೊತ್ತ ತಿಂಡಿ ಇದು. ಆಲೂಗಡ್ಡೆ, ಹೂಕೋಸು, ಕ್ಯಾರೆಟ್ ತಲಾ 450 ಗ್ರಾಂ. ನಾಲ್ಕನೆಯದು ಸ್ವೀಡ್ ಎಂಬ ಗೆಡ್ಡೆ; ಸಿಗದಿದ್ದರೆ ನವಿಲುಕೋಸು ಹಾಕಿ. ಮೂರು ನಾಲ್ಕು ಈರುಳ್ಳಿ ಹೂ, ಒಂದು ದೊಡ್ಡ ಚಮಚ ಓಟ್ಸ್ ಸೇರಿಸಿ, ತರಕಾರಿ ಮುಳುಗುವಷ್ಟೇ ನೀರಿನಲ್ಲಿ 10 ನಿಮಿಷ ಬೇಯಿಸಿ. ತಳ ಹಿಡಿಯದಂತೆ ಆಗಾಗ ಕೈಯಾಡಿಸಿ. ಅದು ಪೂರ್ತಿ ಆರಿದ ಮೇಲೆಯೇ ತಟ್ಟೆಗೆ ಸುರಿದು, ಮೇಲೆ ಕಿವುಚಿದ ಆಲೂಗಡ್ಡೆ ಹರಡಿ, 180 ಡಿಗ್ರಿ ಓವನ್‌ನಲ್ಲಿ ಕೆಂಪಗಾಗುವವರೆಗೆ ಇಡಿ. ಬಿಸಿಯಿರುವಾಗಲೇ ಹರಡಿದರೆ ಹಬೆಗೆ ಮೇಲ್ಪದರ ನೀರಾಗಿ ಕುಸಿಯುತ್ತದೆ. ಸಪ್ಪೆ ಎನಿಸಿದರೆ ಕಾಳುಮೆಣಸು, ಉಪ್ಪು ಹಾಕಬಹುದು, ಹಸಿಮೆಣಸಿನಕಾಯಿ ಬೇಡ.

ಮೊಟ್ಟೆ ಪುಡಿ 1942ರಿಂದ ಅಮೆರಿಕದಿಂದ ಬರುತ್ತಿತ್ತು. ನಾಲ್ಕು ವಾರಕ್ಕೊಂದು ಪೊಟ್ಟಣ, 12 ಮೊಟ್ಟೆಗೆ ಸಮ. ಬೇಕರಿ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ. ತಲೆ ಸವರಿದ ಒಂದು ದೊಡ್ಡ ಚಮಚ ಪುಡಿಗೆ ಎರಡು ದೊಡ್ಡ ಚಮಚ ನೀರು ಹಾಕಿದರೆ ಒಂದು ಮೊಟ್ಟೆ. ಮೊದಲು ಸ್ವಲ್ಪವೇ ನೀರಲ್ಲಿ ಗಂಟಿಲ್ಲದಂತೆ ಕಲಸಿ, ಉಳಿದದ್ದನ್ನು ಆಮೇಲೆ ಸೇರಿಸಿ, ಕೂಡಲೇ ಬಳಸಿ.

ಉರುವಲು ಉಳಿಸಲು ಹುಲ್ಲಿನ ಪೆಟ್ಟಿಗೆ ಬಳಸುತ್ತಿದ್ದರು. ಮರದ ಪೆಟ್ಟಿಗೆಯ ತಳಕ್ಕೂ ಸುತ್ತಲೂ ಕನಿಷ್ಠ 10 ಸೆಂಟಿಮೀಟರ್ ಒಣಹುಲ್ಲು ಒತ್ತಿ ತುಂಬಿ, ಪಾತ್ರೆ ಕೂರುವಷ್ಟು ಗುಂಡಿ ಮಾಡಿ. ನೆನೆಸಿದ ಬಟಾಣಿ ಬೇಳೆಯನ್ನು 15 ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ ಗುಂಡಿಯಲ್ಲಿಟ್ಟು, ಮೇಲೆ ಹುಲ್ಲು ತುಂಬಿದ ದಿಂಬು ಒತ್ತಿ. ಒಲೆಯ ಮೇಲೆ ಒಂದು ಗಂಟೆ ಬೇಕಾದದ್ದು ಇಲ್ಲಿ ನಾಲ್ಕು ಗಂಟೆ ಕೇಳುತ್ತದೆ. ಬೆಂದಿಲ್ಲವಾದರೆ ತಪ್ಪು ಸಾಮಾನ್ಯವಾಗಿ ಎರಡರಲ್ಲೊಂದು: ಪಾತ್ರೆ ಅರ್ಧಂಬರ್ಧ ತುಂಬಿದ್ದರಿಂದ ಕಾವು ಬೇಗ ಇಳಿದಿರುತ್ತದೆ, ಇಲ್ಲವೇ ಯಾರೋ ನಡುವೆ ಮುಚ್ಚಳ ತೆಗೆದು ನೋಡಿರುತ್ತಾರೆ. ಬಡಿಸುವ ಮುಂಚೆ ಮತ್ತೊಮ್ಮೆ ಕುದಿಸಲೇಬೇಕು. ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತ ಬೇಳೆ ಹೊಟ್ಟೆ ಕೆಡಿಸುತ್ತದೆ.